ಸಣ್ಣ ಉರಿ, ಮಂದ ಸಾರು

ಆಲೂಗಡ್ಡೆಯ ಸಿಪ್ಪೆ ಸುಲಿದು ಹೋಳು ಮಾಡಿ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಮೆಣಸು ಮತ್ತು ನೀರಿನೊಂದಿಗೆ ವಿದ್ಯುತ್ ಪಾತ್ರೆಯೊಂದಕ್ಕೆ ತುಂಬುವುದು. ಗುಂಡಿ ತಿರುಗಿಸಿ, ಮನೆಗೆ ಬೀಗ ಹಾಕಿಕೊಂಡು ಕೆಲಸಕ್ಕೆ ಹೊರಡುವುದು. ಸಂಜೆ ಮರಳಿ ಬರುವ ಹೊತ್ತಿಗೆ ಹೋಳುಗಳು ಬೆಣ್ಣೆಯಂತೆ ಮೆತ್ತಗಾಗಿರುತ್ತವೆ. ಕಡೆಗೋಲಿನಿಂದ ನಾಲ್ಕು ಸುತ್ತು ಕಡೆದು, ಹಾಲು-ಕೆನೆ ಬೆರೆಸಿದರೆ ಮಂದವಾದ ಸೂಪ್ ಸಿದ್ಧ. 'ಸ್ಲೋ ಕುಕ್ಕರ್' ಎಂಬ ಈ ಪಾತ್ರೆ ಅಮೆರಿಕದ ಮನೆಗಳಲ್ಲಿ ಅರ್ಧ ಶತಮಾನದಿಂದಲೂ ಬಳಕೆಯಲ್ಲಿದೆ. ಈಗ ನಮ್ಮ ನಗರಗಳ ಅಂಗಡಿಗಳಿಗೂ ಬಂದಿದೆ. ಹೊಸ ಕಾಲದ ಹೊಸ ಅನುಕೂಲವೆಂದೇ ಅದನ್ನು ಮಾರಲಾಗುತ್ತದೆ.

ಇದರಲ್ಲಿ ನಿಜಕ್ಕೂ ಹೊಸದೇನಿದೆ? ಮಂದವಾದ ಸಾರಿಗೆ ಬೇಕಾದದ್ದು ಎರಡೇ: ನೀರನ್ನು ಹಿಡಿದು ಗಟ್ಟಿ ಮಾಡುವ ಒಂದು ಪದಾರ್ಥ ಮತ್ತು ಅವಸರ ಮಾಡದ ಬೆಂಕಿ. ಈ ಎರಡರ ಸಂಬಂಧವನ್ನು ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ್ ಜಿಲ್ಲೆ ಬಹು ಹಿಂದಿನಿಂದ ಬಲ್ಲದು. ಮನ್ನಳ್ಳಿ, ಭಾಲ್ಕಿ, ಔರಾದ್ ಕಡೆಯ ರೈತರ ಮನೆಗಳಲ್ಲಿ ವರ್ಷಕ್ಕೊಮ್ಮೆ ದೊಡ್ಡ ಗಡಿಗೆಯಲ್ಲಿ ಕುದಿಯುವ ಅಡುಗೆಯೊಂದು ಅದಕ್ಕೆ ಸಾಕ್ಷಿ.

ಎಳ್ಳ ಅಮಾವಾಸ್ಯೆಯ ಭಜ್ಜಿ

ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆ ಈ ಭಾಗದ ರೈತರಿಗೆ ದೊಡ್ಡ ಹಬ್ಬ. ಹಿಂಗಾರಿ ಜೋಳ ಎದೆಯೆತ್ತರ ಬೆಳೆದು, ಕಡಲೆ ಕಾಯಿ ಕಟ್ಟುವ ಕಾಲವದು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟಿನ ಗುಡಿಸಲು ಕಟ್ಟಿ, ಅದರೊಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸುತ್ತಾರೆ. ಹೊಲದ ತುಂಬ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿದ ಮೇಲೆಯೇ ಮನುಷ್ಯರ ಊಟ. ಗಡಿಯಾಚೆಗಿನ ಲಾತೂರು, ಉಸ್ಮಾನಾಬಾದ್ ಸೀಮೆಯಲ್ಲಿ ಮರಾಠಿಗರೂ ಇದೇ ಹಬ್ಬವನ್ನು 'ವೇಳ ಅಮಾವಾಸ್ಯೆ' ಎಂದು ಆಚರಿಸುತ್ತಾರೆ.

ಆ ದಿನದ ಊಟದ ಮುಖ್ಯ ಪದಾರ್ಥವೇ ಭಜ್ಜಿ. ಬೆಂಗಳೂರಿನವರಿಗೆ ಈ ಹೆಸರು ಎಣ್ಣೆಯಲ್ಲಿ ಕರಿದ ತಿಂಡಿಯನ್ನು ನೆನಪಿಸುತ್ತದೆ. ಬೀದರಿನ ಭಜ್ಜಿಗೂ ಅದಕ್ಕೂ ಸಂಬಂಧವಿಲ್ಲ. ಇದು ಪಲ್ಯವೂ ಅಲ್ಲ, ಸಾರೂ ಅಲ್ಲ. ಎರಡರ ನಡುವಿನ ಮಂದವಾದ ಅಡುಗೆ. ಹಸಿಗಡಲೆ, ತೊಗರಿ, ಅವರೆ, ಬಟಾಣಿಯ ಎಳೆಯ ಕಾಳುಗಳು, ನೆನೆಸಿದ ಶೇಂಗಾ, ಮೆಂತೆ, ಪಾಲಕ, ಪುಂಡಿಯಂಥ ಸೊಪ್ಪುಗಳು, ಬದನೆ, ಗಜ್ಜರಿ, ಈರುಳ್ಳಿಯ ತೊಪ್ಪಲು ಹೀಗೆ ಆ ಹಂಗಾಮಿನಲ್ಲಿ ಹೊಲ-ತೋಟಗಳು ಕೊಡುವುದೆಲ್ಲ ಒಂದೇ ಗಡಿಗೆಗೆ ಬೀಳುತ್ತದೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಖಾರ ಸೇರುತ್ತದೆ. ಎಲ್ಲವೂ ಬೆಂದ ಮೇಲೆ ನೀರಲ್ಲಿ ಕಲಸಿದ ಕಡಲೆಹಿಟ್ಟು, ಹುಣಸೆಹುಳಿ ಬೆರೆತು ಅದು ಮಂದವಾಗುತ್ತದೆ. ಪಕ್ಕಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಮಣ್ಣಿನ ಗಡಿಗೆಯಲ್ಲಿ ತುಂಬಿ ತಂದ ಅಂಬಲಿ.

ಹತ್ತಾರು ಬಗೆಯ ಕಾಳು-ಕಾಯಿಗಳಲ್ಲಿ ಒಂದೊಂದಕ್ಕೂ ಬೇಯುವ ಕಾಲ ಬೇರೆ. ಸೊಪ್ಪು ಹತ್ತು ನಿಮಿಷಕ್ಕೆ ಬಾಡಿದರೆ ಕಾಳು ಗಂಟೆಗಟ್ಟಲೆ ಬೇಡುತ್ತದೆ. ಇವೆಲ್ಲವೂ ಒಂದರೊಳಗೊಂದು ಕರಗಿ ಒಂದೇ ರುಚಿಯಾಗಬೇಕಾದರೆ ಜೋರು ಉರಿಯಿಂದ ಆಗದು. ತಳ ಹೊತ್ತುತ್ತದೆ, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದಲೇ ಹಬ್ಬದ ಹಿಂದಿನ ದಿನವೇ ಒಲೆ ಹೊತ್ತುತ್ತದೆ. ಸಣ್ಣ ಉರಿಯಲ್ಲಿ ನಿಧಾನವಾಗಿ ಬೆಂದ ಭಜ್ಜಿ ಮರುದಿನಕ್ಕೆ ಇನ್ನಷ್ಟು ಹದವಾಗುತ್ತದೆ.

ಜೊತೆಗಿರುವ ಅಂಬಲಿಯೂ ಇದೇ ಕುಲದ್ದು. ಜೋಳದ ಹಿಟ್ಟನ್ನು ಹುಳಿಬರಿಸಿ, ಕುದಿಯುವ ನೀರಿಗೆ ಬಿಟ್ಟು, ಗಂಟಾಗದಂತೆ ತಿರುವಿ, ತಣಿದ ಮೇಲೆ ಮಜ್ಜಿಗೆ ಬೆರೆಸಿದ ಈ ಪೇಯ ದುಡಿಯುವ ಜನರ ನಿತ್ಯದ ಆಹಾರವಾಗಿತ್ತು. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನೇ ಬಂದು ಸವಿದನೆಂಬ ಕಥೆಯನ್ನು ಶರಣ ಪರಂಪರೆ ಶತಮಾನಗಳಿಂದ ಹೇಳಿಕೊಂಡು ಬಂದಿದೆ. ಅರಮನೆಯ ಪಕ್ವಾನ್ನಕ್ಕಿಂತ ಬಡವನ ಮಂದ ಗಂಜಿ ಮೇಲೆಂದು ಸಾರುವ ಕಥೆಯದು.

ಕಲ್ಯಾಣದ ಸೂಪ

'ಸೂಪ್' ಎಂಬ ಮಾತು ಇಂಗ್ಲಿಷಿನಿಂದ ಬಂದದ್ದು. ಸಾರಿನಲ್ಲಿ ನೆನೆಸಿದ ರೊಟ್ಟಿಯ ತುಂಡಿಗಿದ್ದ ಹಳೆಯ ಯುರೋಪಿನ ಹೆಸರೊಂದು ಅದರ ಮೂಲ. ಆದರೆ ಸಂಸ್ಕೃತದಲ್ಲಿಯೂ 'ಸೂಪ' ಎಂಬ ಪದ ಬಹಳ ಹಿಂದಿನಿಂದ ಇದೆ. ಅದರ ಅರ್ಥ ಬೇಳೆಯನ್ನು ಬೇಯಿಸಿ ಮಾಡಿದ ಸಾರು, ತೊವ್ವೆ. ಅಡುಗೆಯವನಿಗೆ 'ಸೂಪಕಾರ' ಎಂದೂ ಪಾಕವಿದ್ಯೆಗೆ 'ಸೂಪಶಾಸ್ತ್ರ' ಎಂದೂ ಹೆಸರಾದದ್ದು ಇದರಿಂದಲೇ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ರಚಿಸಿದ ಪಾಕಗ್ರಂಥದ ಹೆಸರೂ 'ಸೂಪಶಾಸ್ತ್ರ'ವೇ. ಎರಡು ಪದಗಳ ಉಚ್ಚಾರ ಒಂದಾಗಿರುವುದು ಕೇವಲ ಕಾಕತಾಳೀಯ.

ಬೀದರ್ ಜಿಲ್ಲೆಯೊಳಗೇ ಇರುವ ಇಂದಿನ ಬಸವಕಲ್ಯಾಣ 12ನೇ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ' ರಾಜನ ಸುಖಭೋಗಗಳನ್ನು ವಿವರಿಸುವ ದೊಡ್ಡ ಸಂಸ್ಕೃತ ಗ್ರಂಥ. ಅದರ ಅನ್ನಭೋಗದ ಭಾಗದಲ್ಲಿ ಅಕ್ಕಿ, ಬೇಳೆ, ಮಾಂಸ, ಸಿಹಿಗಳ ಪಾಕಕ್ರಮವಿದೆ. ಹೆಸರುಕಾಳನ್ನು ನೀರಿನಲ್ಲಿ ಸಣ್ಣ ಉರಿಯ ಮೇಲೆ ಬೇಯಿಸುವುದು, ಬೇಯುತ್ತಿರುವಾಗ ಅರಿಶಿನ, ಇಂಗಿನ ನೀರು ಹಾಕುವುದು, ಬದನೆಕಾಯಿಯ ಹೋಳು ಸೇರಿಸುವುದು ಮುಂತಾದ ಕ್ರಮಗಳು ಅಲ್ಲಿವೆ. ಕಾಳು, ಕಾಯಿ ಮತ್ತು ಮಂದ ಉರಿ ಇವುಗಳ ಜೊತೆ ಎಷ್ಟು ಹಳೆಯದೆಂಬುದಕ್ಕೆ ಇದೇ ನೆಲದ ಸಾಕ್ಷ್ಯವಿದು.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಗುಲ್ಬರ್ಗಾದಿಂದ ಬೀದರಿಗೆ ತಂದ. ಆ ರಾಜಧಾನಿಯ ವೈಭವದ ದಿನಗಳಲ್ಲಿ, 1470ರ ಸುಮಾರಿಗೆ, ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿನಲ್ಲಿ ತಂಗಿದ್ದ. ಮಾರಲು ತಂದಿದ್ದ ಕುದುರೆಯೊಂದೇ ಅವನ ಬಂಡವಾಳ. ಊರಿನ ಹಿಂದೂಗಳ ಪರಿಚಯ ಬೆಳೆಸಿಕೊಂಡ ಅವನು ಅವರ ಊಟವನ್ನೂ ದಾಖಲಿಸಿದ್ದಾನೆ. ಅವನ ಪ್ರಕಾರ ಅವರ ಆಹಾರ ಅನ್ನ, ಬೆಣ್ಣೆ ಹಾಕಿದ ಖಿಚಡಿ, ಮತ್ತು ಬೆಣ್ಣೆ-ಹಾಲಿನಲ್ಲಿ ಬೇಯಿಸಿದ ನಾನಾ ಬಗೆಯ ಸೊಪ್ಪು. ಸುಲ್ತಾನರ ಊರಿನಲ್ಲಿ ಕುದುರೆಗಳಿಗೂ ಖಿಚಡಿ ಬೇಯಿಸಿ ಹಾಕುತ್ತಿದ್ದುದನ್ನು ಕಂಡು ಅದನ್ನೂ ಬರೆದಿಟ್ಟ. ಪರದೇಶಿಯ ಕಣ್ಣಿಗೆ ಈ ಊಟ ಸಪ್ಪೆಯೆನಿಸಿತು. ಆದರೆ ಹಾಲು-ಬೆಣ್ಣೆಯಲ್ಲಿ ಬೆಂದ ಸೊಪ್ಪೆಂದರೆ ಇಂದಿನ ಹೋಟೆಲುಗಳ 'ಕ್ರೀಮ್ ಸೂಪ್'ಗೆ ತೀರ ದೂರದ್ದೇನಲ್ಲ.

ನಿಕಿತಿನ್ ಕಂಡ ಬೀದರಿನಲ್ಲಿ ಏನೇನು ಇರಲಿಲ್ಲ ಎಂಬುದೂ ಗಮನಾರ್ಹ. ಕೊಲಂಬಸ್ ಅಮೆರಿಕ ತಲುಪಿದ್ದು 1492ರಲ್ಲಿ. ಅಂದರೆ ಆ ಖಿಚಡಿಯಲ್ಲಿ ಮೆಣಸಿನಕಾಯಿ ಇರಲಿಲ್ಲ, ಟೊಮೆಟೊ ಇರಲಿಲ್ಲ, ಆಲೂಗಡ್ಡೆ ಇರಲಿಲ್ಲ. ಇಂದು ಭಜ್ಜಿಯಿಂದ ಬೇರ್ಪಡಿಸಲಾಗದ ಶೇಂಗಾ ಕೂಡ ಇರಲಿಲ್ಲ. ಇವೆಲ್ಲವೂ ಸಮುದ್ರ ದಾಟಿ ಆಮೇಲೆ ಬಂದವು. 'ನಮ್ಮ ಹಳೆಯ ಅಡುಗೆ' ಎಂದು ಹೇಳುವಾಗ ಹಳೆಯದಾಗಿ ಉಳಿದದ್ದು ಪದಾರ್ಥಗಳಿಗಿಂತ ಹೆಚ್ಚಾಗಿ ಬೇಯಿಸುವ ವಿಧಾನ.

ಇರಾನ್ ಹಾಗೂ ಅರಬ್ ನಾಡುಗಳೊಂದಿಗೆ ಬಹಮನಿಗಳ ನಂಟು ಗಾಢವಾಗಿತ್ತು. ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನಿನವನು. ಆ ದೇಶಗಳಿಗೂ ತಮ್ಮದೇ ಆದ ನಿಧಾನದ ಗಡಿಗೆಯಿತ್ತು. ಗೋಧಿ ಮತ್ತು ಮಾಂಸವನ್ನು ಒಂದಾಗುವವರೆಗೆ ಬೇಯಿಸಿ ಕಡೆಯುವ 'ಹರೀಸಾ'ದ ವಿಧಾನವನ್ನು 10ನೇ ಶತಮಾನದ ಬಾಗ್ದಾದಿನ ಪಾಕಗ್ರಂಥ ಹೇಳುತ್ತದೆ. ಅಕ್ಬರನ ಕಾಲದ 'ಐನ್-ಇ-ಅಕ್ಬರಿ' ಹರೀಸಾ ಮತ್ತು ಹಲೀಮ್ ಎರಡನ್ನೂ ಹೆಸರಿಸುತ್ತದೆ. 1948ರವರೆಗೆ ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಹಲೀಮ್ ಗೋಧಿ, ಬೇಳೆ, ಮಾಂಸ, ತುಪ್ಪ, ಮಸಾಲೆಗಳ ತನ್ನದೇ ರೂಪ ಪಡೆಯಿತು. ಇಟ್ಟಿಗೆ-ಮಣ್ಣಿನ ಭಟ್ಟಿಯ ಮೇಲೆ ಗಂಟೆಗಟ್ಟಲೆ ಬೆಂದು, ಉದ್ದನೆಯ ಮರದ ಕೋಲುಗಳಿಂದ ಕುಟ್ಟಿಸಿಕೊಂಡು ನುಣುಪಾಗುವ ಹೈದರಾಬಾದಿ ಹಲೀಮ್‌ಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ರಾತ್ರಿಯಿಡೀ ಬೆಂದು ನಸುಕಿನಲ್ಲಿ ಬಡಿಸುವ 'ನಿಹಾರಿ'ಯ ಹೆಸರಿನ ಮೂಲದಲ್ಲಿ ಹಗಲು, ಮುಂಜಾವು ಎಂಬರ್ಥದ ಅರಬ್ಬಿ ಪದವೇ ಇದೆ. ಹೊಲದ ಭಜ್ಜಿ, ರಂಜಾನಿನ ಹಲೀಮ್ ಎರಡರ ರುಚಿ, ರೀತಿ ಬೇರೆ ಬೇರೆ. ಆದರೆ ಬೆಂಕಿಯ ಲೆಕ್ಕ ಒಂದೇ.

ಕದ್ದು ಸೇರಿದ ಗಡ್ಡೆ

ಈ ಗಡಿಗೆಗೆ ತಡವಾಗಿ ಸೇರಿದ ಅತಿಥಿ ಆಲೂಗಡ್ಡೆ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ, ಟಿಟಿಕಾಕಾ ಸರೋವರದ ಸುತ್ತಿನ ಎತ್ತರದ ಪ್ರದೇಶದಲ್ಲಿ ಏಳೆಂಟು ಸಾವಿರ ವರ್ಷಗಳ ಹಿಂದೆ ಇದನ್ನು ಬೆಳೆಯಲು ಆರಂಭಿಸಿದರು. ಸ್ಪೇನಿನವರು 16ನೇ ಶತಮಾನದಲ್ಲಿ ಅದನ್ನು ಯುರೋಪಿಗೆ ಒಯ್ದರು. ಭಾರತದ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಕರಾವಳಿಯ 'ಬಟಾಟೆ', ಮರಾಠಿಯ 'ಬಟಾಟಾ' ಅವರ 'ಬತಾತಾ'ದಿಂದಲೇ ಬಂದವು. ಆ ಪದವೂ ಅವರದಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಗೆಣಸಿಗೆ ಇಟ್ಟ ಹೆಸರು. ಇನ್ನೊಂದೆಡೆ ಗಡ್ಡೆಗೆ ನಮ್ಮಲ್ಲಿ ಮೊದಲೇ ಇದ್ದ 'ಆಲು' ಎಂಬ ಪದ ಹೊಸ ಗಡ್ಡೆಗೆ ಅಂಟಿಕೊಂಡು 'ಆಲೂಗಡ್ಡೆ'ಯಾಯಿತು.

ಯುರೋಪಿನಲ್ಲಿ ಈ ಗಡ್ಡೆಗೆ ಸುಲಭದಲ್ಲಿ ಸ್ವಾಗತ ಸಿಗಲಿಲ್ಲ. ಕುಷ್ಠರೋಗ ತರುತ್ತದೆಂಬ ಭಯ ಹಲವೆಡೆ ಇತ್ತು. ಫ್ರಾನ್ಸಿನಲ್ಲಿ 1748ರಲ್ಲಿ ಅದರ ಬೇಸಾಯಕ್ಕೇ ನಿಷೇಧ ಬಿತ್ತು. ಯುದ್ಧಕೈದಿಯಾಗಿ ಪ್ರಷ್ಯದಲ್ಲಿ ಆಲೂಗಡ್ಡೆ ತಿಂದು ಬದುಕಿದ್ದ ಔಷಧತಜ್ಞ ಪಾರ್ಮಾಂತಿಯೆ ಊರಿಗೆ ಮರಳಿ ಅದರ ಪರವಾಗಿ ವಾದಿಸಿದ. 1772ರಲ್ಲಿ ಪ್ಯಾರಿಸಿನ ವೈದ್ಯಶಾಲೆ ಅದು ತಿನ್ನಲು ಯೋಗ್ಯವೆಂದು ತೀರ್ಪು ಕೊಟ್ಟಿತು. ಫ್ರೆಂಚರ ಆಲೂಗಡ್ಡೆ ಸೂಪ್ ಇಂದಿಗೂ ಅವನ ಹೆಸರಿನಲ್ಲಿದೆ.

ಆಲೂಗಡ್ಡೆಯ ಸೂಪಿನ ಇತಿಹಾಸದಲ್ಲಿ ಇನ್ನೂ ಸ್ವಾರಸ್ಯದ ಘಟನೆ ಜರ್ಮನಿಯ ಮ್ಯೂನಿಕ್ ನಗರದ್ದು. ಅಮೆರಿಕದಲ್ಲಿ ಹುಟ್ಟಿ ಬವೇರಿಯದ ಸೇವೆಯಲ್ಲಿದ್ದ ವಿಜ್ಞಾನಿ ಬೆಂಜಮಿನ್ ಥಾಂಪ್ಸನ್, ಮುಂದೆ ಕೌಂಟ್ ರಮ್‌ಫರ್ಡ್ ಎನಿಸಿಕೊಂಡವನು, 1790ರಲ್ಲಿ ಅಲ್ಲಿನ ಭಿಕ್ಷುಕರಿಗಾಗಿ ದುಡಿಮೆಯ ಮನೆಯೊಂದನ್ನು ತೆರೆದ. ದಿನವೂ ನೂರಾರು ಜನರಿಗೆ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಬೇಕಿತ್ತು. ಬಾರ್ಲಿ, ಒಣ ಬಟಾಣಿ, ಆಲೂಗಡ್ಡೆ, ಉಪ್ಪು, ಹುಳಿ, ನೀರು ಇಷ್ಟನ್ನೇ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ ಸೂಪ್ ಅವನ ಉತ್ತರವಾಗಿತ್ತು. ಜನಕ್ಕೆ ಆಲೂಗಡ್ಡೆಯ ಮೇಲೆ ಎಷ್ಟು ಅಸಹ್ಯವಿತ್ತೆಂದರೆ, ಅಡುಗೆಮನೆಗೆ ಅದನ್ನು ಗುಟ್ಟಾಗಿ ತರಿಸಿ, ಗುರುತು ಸಿಗದಂತೆ ಕರಗುವವರೆಗೆ ಬೇಯಿಸಿ ಬಡಿಸಲಾಯಿತು. ಸೂಪ್ ಮೊದಲಿಗಿಂತ ರುಚಿಯಾಯಿತೆಂದು ಉಂಡವರು ಹೊಗಳಿದರು. ಗುಟ್ಟು ಆಮೇಲೆ ಬಯಲಾಯಿತು. ಮಂದ ಸೂಪಿನ ರುಚಿ ಪದಾರ್ಥದ ಬೆಲೆಗಿಂತ ಬೆಂಕಿಯ ನಿರ್ವಹಣೆಯನ್ನು ಅವಲಂಬಿಸಿದೆ ಎಂಬುದು ಅವನ ದೃಢ ನಂಬಿಕೆಯಾಗಿತ್ತು. ಸೌದೆ ಉಳಿಸುವ ಮುಚ್ಚಿದ ಒಲೆಗಳನ್ನೂ ಅವನು ರೂಪಿಸಿದ.

ಭಾರತದ ಒಳನಾಡಿನಲ್ಲಿ ಆಲೂಗಡ್ಡೆ ಹರಡಿದ್ದು ಬ್ರಿಟಿಷರ ಕಾಲದಲ್ಲಿ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿಯಲ್ಲಿ ಅದರ ಬೇಸಾಯಕ್ಕೆ ಉತ್ತೇಜನ ಕೊಟ್ಟ. ಸ್ವಾತಂತ್ರ್ಯದ ನಂತರ 1949ರಲ್ಲಿ ಪಟ್ನಾದಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಮುಂದೆ ಸಿಮ್ಲಾಕ್ಕೆ ಹೋಯಿತು. ಅದರ 'ಕುಫ್ರಿ ಜ್ಯೋತಿ' ತಳಿ ಹಾಸನದ ಹೊಲಗಳವರೆಗೆ ಬಂದಿತು. ಇಂದು ಆಲೂಗಡ್ಡೆ ಬೆಳೆಯುವುದರಲ್ಲಿ ಚೀನಾ ಬಿಟ್ಟರೆ ಭಾರತವೇ ಮುಂದು. ಕರ್ನಾಟಕದಲ್ಲಿ ಹಾಸನ, ಚಿಕ್ಕಬಳ್ಳಾಪುರ, ಕೋಲಾರ, ಬೆಳಗಾವಿ ಅದರ ಸೀಮೆಗಳು. ಬೀದರ್ ತೊಗರಿ, ಕಡಲೆ, ಉದ್ದು, ಹೆಸರು, ಜೋಳದ ನಾಡು. ಇತ್ತೀಚಿನ ದಶಕಗಳಲ್ಲಿ ಸೋಯಾ ಅವರೆಯದೂ ಹೌದು. ಅಲ್ಲಿ ಆಲೂಗಡ್ಡೆ ಸಂತೆಯಿಂದ ಬರುವ ಪದಾರ್ಥ. ಹೀಗಾಗಿಯೇ ಅಲ್ಲಿನ ಮಂದ ಅಡುಗೆಗೆ ಗಟ್ಟಿತನ ಕೊಡುವ ಕೆಲಸ ಕಡಲೆಹಿಟ್ಟು ಮತ್ತು ಜೋಳದ ಪಾಲಿಗೆ ಉಳಿದಿದೆ.

ಬೂದಿ ಮುಚ್ಚಿದ ಕೆಂಡ

ಕಡಲೆಹಿಟ್ಟಾಗಲಿ, ಜೋಳವಾಗಲಿ, ಆಲೂಗಡ್ಡೆಯಾಗಲಿ ನೀರನ್ನು ಮಂದ ಮಾಡುವುದು ಅವುಗಳಲ್ಲಿರುವ ಪಿಷ್ಟದಿಂದ. ಆಲೂಗಡ್ಡೆಯ ಪಿಷ್ಟದ ಕಣಗಳು 60ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಕುಡಿದು ಉಬ್ಬುತ್ತವೆ. ಗಡ್ಡೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಕರಗಲು ಅದಕ್ಕಿಂತ ಹೆಚ್ಚು ಶಾಖ, ಹೆಚ್ಚು ಕಾಲ ಬೇಕು. ಆದರೆ ಎರಡಕ್ಕೂ ಕುದಿತದ ಅಬ್ಬರ ಬೇಕಿಲ್ಲ. ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿರುವ ಬೀದರಿನಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಆಸುಪಾಸಿನಲ್ಲಿ. ಒಮ್ಮೆ ಕುದಿ ಬಂದ ಮೇಲೆ ಎಷ್ಟು ಸೌದೆ ಒಟ್ಟಿದರೂ ತೆರೆದ ಗಡಿಗೆಯ ಶಾಖ ಅದಕ್ಕಿಂತ ಏರದು. ಹೆಚ್ಚಿನ ಉರಿ ಆವಿಯಾಗಿ ಹೋಗುತ್ತದೆ, ಇಲ್ಲವೇ ತಳ ಹೊತ್ತಿಸುತ್ತದೆ.

ಕುಳ್ಳಿನ ಒಲೆ ಬಳಸಿದವರಿಗೆ ಇದು ಪಾಠವಿಲ್ಲದೆ ತಿಳಿದಿತ್ತು. ಸೆಗಣಿಯ ಕುಳ್ಳು ಭಗ್ಗನೆ ಉರಿಯುವುದಿಲ್ಲ. ಒಳಗೊಳಗೇ ಕನಲುತ್ತ ಬಹಳ ಹೊತ್ತು ಶಾಖ ಕೊಡುತ್ತದೆ. ರಾತ್ರಿ ಅಡುಗೆ ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚಿ, ಮೇಲೆ ಹಾಲಿನ ಗಡಿಗೆಯನ್ನೋ ಕಾಳಿನ ಗಡಿಗೆಯನ್ನೋ ಇಟ್ಟರೆ ಬೆಳಗಿನ ತನಕ ಬೆಂಕಿ ತನ್ನ ಕೆಲಸ ತಾನು ಮಾಡುತ್ತದೆ. ಹೀಗೆ ಕಾದ ಹಾಲಿಗೆ ಕಟ್ಟುವ ದಪ್ಪ ಕೆಂಗೆನೆಯ ರುಚಿ ಹಳ್ಳಿಯ ಹಿರಿಯರಿಗೆ ಗೊತ್ತು. ದೊಡ್ಡ ಒಲೆಯ ಪಕ್ಕಕ್ಕೆ ಕೂಡಿಸಿ ಕಟ್ಟುವ ಕೋಡೊಲೆಯೂ ಇದೇ ತಿಳಿವಳಿಕೆಯ ಫಲ: ಮುಖ್ಯ ಒಲೆಯ ಉಳಿದ ಶಾಖ ಅಲ್ಲಿಗೆ ಹರಿದು ಎರಡನೆಯ ಪಾತ್ರೆಯನ್ನು ನಿಧಾನವಾಗಿ ಬೇಯಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ, ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾದ 'ಅಸ್ತ್ರ ಒಲೆ'ಯಲ್ಲಿ ಮೂರು ಪಾತ್ರೆಗಳಿಗೆ ಜಾಗವಿತ್ತು. ಒಂದೇ ಉರಿಯ ಶಾಖ ಸಾಲಾಗಿ ಮೂರಕ್ಕೂ ಹಂಚಿಹೋಗುತ್ತಿತ್ತು, ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತಿತ್ತು.

ಹುಳಿಯ ವಿಷಯದಲ್ಲೂ ಹಳೆಯ ರೂಢಿ ವಿಜ್ಞಾನಕ್ಕೆ ಹೊಂದುತ್ತದೆ. ಆಮ್ಲದಲ್ಲಿ ಪೆಕ್ಟಿನ್ ಬೇಗ ಕರಗುವುದಿಲ್ಲ. ಹುಣಸೆಹುಳಿಯನ್ನು ಮೊದಲೇ ಹಾಕಿದರೆ ಕಾಳೂ ಬೇಯದು, ಗಡ್ಡೆಯೂ ಬೇಯದು. ಭಜ್ಜಿಗೆ ಹುಳಿಯನ್ನು ಕೊನೆಯಲ್ಲಿ ಹಾಕುವುದು ಈ ಕಾರಣಕ್ಕೆ.

ಬೆಂಕಿ ಮುಟ್ಟದ ದಿನದ ಊಟ

ವಿದ್ಯುತ್ತಿನ ನಿಧಾನ ಪಾತ್ರೆಯ ಕಥೆಯೂ ಒಂದು ಊರಿನ ಒಲೆಯಿಂದಲೇ ಆರಂಭವಾಗುತ್ತದೆ. ಯಹೂದಿಗಳಿಗೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸಂಜೆಯವರೆಗೆ ವಿಶ್ರಾಂತಿಯ ದಿನ. ಆಗ ಬೆಂಕಿ ಹೊತ್ತಿಸುವಂತಿಲ್ಲ. ಪೂರ್ವ ಯುರೋಪಿನ ಯಹೂದಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಹುರುಳಿಕಾಯಿ ಜಾತಿಯ ಒಣಕಾಳು, ಬಾರ್ಲಿ, ಆಲೂಗಡ್ಡೆ, ಮಾಂಸವನ್ನು ಗಡಿಗೆಗೆ ತುಂಬಿ ಶುಕ್ರವಾರ ಸಂಜೆ ಊರಿನ ಬೇಕರಿಗೆ ಕೊಂಡೊಯ್ಯುತ್ತಿದ್ದರು. ವಾರದ ಕೆಲಸ ಮುಗಿದು ಆರುತ್ತಿರುವ ದೊಡ್ಡ ಒಲೆಯೊಳಗೆ ಆ ಗಡಿಗೆಗಳು ರಾತ್ರಿಯಿಡೀ ಕುಳಿತು ಬೇಯುತ್ತಿದ್ದವು. 'ಚೋಲಂಟ್' ಎಂಬ ಈ ಮಂದ ಊಟವನ್ನು ಮರುದಿನ ಬಿಸಿಯಾಗಿಯೇ ಮನೆಗೆ ತರುತ್ತಿದ್ದರು.

ಲಿಥುವೇನಿಯದ ವಿಲ್ನಾದಲ್ಲಿ ಇದನ್ನು ಕಂಡಿದ್ದ ತಾಯಿಯೊಬ್ಬಳು ಅಮೆರಿಕದಲ್ಲಿ ಮಗನಿಗೆ ಈ ಕಥೆ ಹೇಳಿದಳು. ಮಗ ಇರ್ವಿಂಗ್ ನ್ಯಾಕ್ಸನ್ ಎಂಜಿನಿಯರ್. ಪಾತ್ರೆಯ ಸುತ್ತ ಎಲ್ಲ ಕಡೆಯಿಂದ ಸಮನಾಗಿ, ಸೌಮ್ಯವಾಗಿ ಶಾಖ ಕೊಡುವ ವಿದ್ಯುತ್ ಪಾತ್ರೆಯೊಂದನ್ನು ಆತ ರೂಪಿಸಿದ. 1940ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಮೊದಲು ಕಾಳು ಬೇಯಿಸುವ ಪಾತ್ರೆಯೆಂದೇ ಮಾರಾಟವಾದ ಅದು ಅಷ್ಟೇನೂ ಜನಪ್ರಿಯವಾಗಲಿಲ್ಲ. 1970ರಲ್ಲಿ ನ್ಯಾಕ್ಸನ್ ತನ್ನ ವ್ಯವಹಾರವನ್ನು ರೈವಲ್ ಎಂಬ ಕಂಪನಿಗೆ ಮಾರಿದ. ಮರುವರ್ಷ ಅದು 'ಕ್ರಾಕ್‌ಪಾಟ್' ಎಂಬ ಹೆಸರಿನಲ್ಲಿ ಹೊರಬಂದಿತು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಹೊರಗಿನ ದುಡಿಮೆಗೆ ಹೋಗತೊಡಗಿದ್ದ ಕಾಲವದು. ತಾವು ಮನೆಯಲ್ಲಿಲ್ಲದಾಗಲೂ ಅಡುಗೆಯಾಗುತ್ತದೆ ಎಂಬ ಭರವಸೆಯೇ ಅದನ್ನು ಮನೆಮನೆಗೆ ಮುಟ್ಟಿಸಿತು.

ಭಾರತವೂ ಈ ದಿಕ್ಕಿನಲ್ಲಿ ಯೋಚಿಸಿರಲಿಲ್ಲವೆಂದಲ್ಲ. 1910ರಲ್ಲಿ ಕಲ್ಕತ್ತೆಯ ವೈದ್ಯ ಇಂದುಮಾಧವ ಮಲ್ಲಿಕ್ 'ಇಕ್ಮಿಕ್ ಕುಕ್ಕರ್' ರೂಪಿಸಿದ್ದರು. ಉದ್ದನೆಯ ಡಬ್ಬಿಯ ತಳದಲ್ಲಿ ಇದ್ದಿಲ ಕೆಂಡ, ಮೇಲೆ ಒಂದರ ಮೇಲೊಂದರಂತೆ ಅನ್ನ, ಬೇಳೆ, ಪಲ್ಯದ ಪಾತ್ರೆಗಳು. ಗಂಟೆಗಳ ಬಳಿಕ ಮುಚ್ಚಳ ತೆಗೆದರೆ ಊಟ ಸಿದ್ಧ. ಒಂಟಿಯಾಗಿ ಬಾಳುವವರಿಗೂ ಪ್ರವಾಸಿಗಳಿಗೂ ಅದು ಪ್ರಿಯವಾಗಿತ್ತು.

ಆದರೆ ಭಾರತದ ಅಡುಗೆಮನೆ ಕೊನೆಗೆ ಒಪ್ಪಿಕೊಂಡಿದ್ದು ತದ್ವಿರುದ್ಧ ದಾರಿಯನ್ನು. ಡೆನಿಸ್ ಪಾಪಿನ್ 1679ರಲ್ಲಿ ತೋರಿಸಿದ ಒತ್ತಡದ ಪಾತ್ರೆಯ ವಂಶದ ಪ್ರೆಶರ್ ಕುಕ್ಕರ್ 1950ರ ದಶಕದಿಂದ ಇಲ್ಲಿ ಬೇರುಬಿಟ್ಟಿತು. ಅದರೊಳಗೆ ನೀರಿನ ಶಾಖ 120 ಡಿಗ್ರಿಯ ಹತ್ತಿರ ಏರುವುದರಿಂದ ಬೇಳೆ ನಿಮಿಷಗಳಲ್ಲಿ ಬೇಯುತ್ತದೆ. ಅಡುಗೆ ಅನಿಲಕ್ಕೆ ಹಣ ತೆರುವ ಮನೆಗೆ ನಿಮಿಷದ ಲೆಕ್ಕವೇ ಲಾಭದ ಲೆಕ್ಕ. ಕುಳ್ಳಿನ ಕೆಂಡ ಪುಕ್ಕಟೆಯಾಗಿ ಕೊಡುತ್ತಿದ್ದ ಆರೆಂಟು ಗಂಟೆಗಳ ಮಂದ ಶಾಖವನ್ನು ಅನಿಲದ ಒಲೆಯಿಂದ ಪಡೆಯುವುದು ದುಬಾರಿ.

ಸೂಪ್ ಮಾಡುವ ಬಗೆ

ವಿದ್ಯುತ್ತಿನ ನಿಧಾನ ಪಾತ್ರೆಯಲ್ಲಿ ಆಲೂಗಡ್ಡೆ ಸೂಪ್ ಮಾಡಲು ವಿಶೇಷ ಕೌಶಲ ಬೇಡ. ಒಂದು ಕಿಲೋ ಆಲೂಗಡ್ಡೆಯ ಸಮನಾದ ಸಣ್ಣ ಹೋಳು, ಒಂದು ದೊಡ್ಡ ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು, ಹೋಳು ಮುಳುಗುವಷ್ಟು ನೀರು ಅಥವಾ ಬೇಳೆಯ ಕಟ್ಟು ಹಾಕಿ ಮುಚ್ಚಬೇಕು. ಕಡಿಮೆ ಶಾಖದಲ್ಲಿ ಆರರಿಂದ ಎಂಟು ಗಂಟೆ, ಹೆಚ್ಚಿನ ಶಾಖದಲ್ಲಿ ಮೂರರಿಂದ ನಾಲ್ಕು ಗಂಟೆ ಸಾಕು. ಮುಚ್ಚಳವನ್ನು ಮೇಲಿಂದ ಮೇಲೆ ತೆಗೆದರೆ ಶಾಖ ಹೋಗಿ ಅಡುಗೆ ತಡವಾಗುತ್ತದೆ. ಬೆಂದ ಮೇಲೆ ಕಡೆಗೋಲಿನಿಂದ ಕಡೆಯುವುದೇ ಲೇಸು. ಮಿಕ್ಸಿಯಲ್ಲಿ ಹೆಚ್ಚು ತಿರುಗಿಸಿದರೆ ಪಿಷ್ಟದ ಕಣಗಳು ಒಡೆದು ಸೂಪ್ ಅಂಟಾಗುತ್ತದೆ. ಹಾಲು ಅಥವಾ ಕೆನೆಯನ್ನು ಕೊನೆಯ ಅರ್ಧ ಗಂಟೆಯಲ್ಲಿ ಸೇರಿಸಬೇಕು. ಮೊದಲೇ ಹಾಕಿದರೆ ಬಹಳ ಹೊತ್ತಿನ ಶಾಖಕ್ಕೆ ಒಡೆಯುವ ಸಂಭವವಿದೆ.

ಎರಡು ಎಚ್ಚರಿಕೆಗಳು ಅಗತ್ಯ. ರಾಜ್ಮಾದಂಥ ಕಾಳುಗಳಲ್ಲಿ ಸಹಜವಾದ ವಿಷಪದಾರ್ಥವೊಂದಿದೆ. ನಿಧಾನ ಪಾತ್ರೆಯ ಶಾಖ ಅದನ್ನು ನಾಶಮಾಡಲು ಸಾಲದೆ ಹೋಗಬಹುದು. ಆದ್ದರಿಂದ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು, ಒಲೆಯ ಮೇಲೆ ಚೆನ್ನಾಗಿ ಕುದಿಸಿದ ಬಳಿಕವೇ ಅದನ್ನು ಈ ಪಾತ್ರೆಗೆ ಹಾಕಬೇಕು. ಇನ್ನೊಂದು, ನಡುವೆ ವಿದ್ಯುತ್ ಹೋಗಿ ಪದಾರ್ಥ ಬಹಳ ಹೊತ್ತು ಉಗುರುಬೆಚ್ಚಗೆ ಉಳಿದರೆ ಅದರಲ್ಲಿ ರೋಗಾಣುಗಳು ಬೆಳೆಯುತ್ತವೆ, ಅಂಥದ್ದನ್ನು ತಿನ್ನಬಾರದು.

ಗಡಿಗೆ ಕಾಯುವವರು

ಸಣ್ಣ ಉರಿಯ ಅಡುಗೆಯನ್ನು ಹೊಗಳುವಾಗ ಅದರ ಬೆಲೆ ತೆತ್ತವರನ್ನು ಮರೆಯುವಂತಿಲ್ಲ. ಕುಳ್ಳು ಪುಕ್ಕಟೆ ಎನ್ನುವುದು ಹಣದ ಲೆಕ್ಕದಲ್ಲಿ ಮಾತ್ರ. ಸೆಗಣಿ ಬಾಚಿ, ತಟ್ಟಿ, ಒಣಗಿಸಿ, ಮಳೆಗಾಲಕ್ಕೆ ಒಟ್ಟಿಡುವ ಕೆಲಸ ಹೆಂಗಸರದು. ಆ ಕೆಂಡದಿಂದ ಏಳುವ ಹೊಗೆ ಸೇರುತ್ತಿದ್ದುದೂ ಅವರ ಕಣ್ಣು, ಎದೆಗಳನ್ನೇ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. 2016ರಲ್ಲಿ ಕೇಂದ್ರ ಸರ್ಕಾರ ಉಜ್ವಲಾ ಯೋಜನೆಯಡಿ ಬಡ ಮನೆಗಳ ಹೆಂಗಸರ ಹೆಸರಿಗೆ ಅನಿಲ ಸಂಪರ್ಕ ಕೊಡಲು ಆರಂಭಿಸಿದ್ದರ ಹಿಂದೆ ಈ ಹೊಗೆಯ ಪ್ರಶ್ನೆಯೇ ಇತ್ತು. ಬೂದಿ ಮುಚ್ಚಿದ ಕೆಂಡ ಆರಿಹೋದದ್ದಕ್ಕೆ ಮರುಗುವವರು ಈ ಲೆಕ್ಕವನ್ನೂ ನೋಡಬೇಕಾಗುತ್ತದೆ.

ಆದರೆ ಕೆಂಡದ ಜೊತೆ ಆ ರುಚಿಯೂ ಹೋಗಲೇಬೇಕೆಂಬ ನಿಯಮವೇನಿಲ್ಲ. ನಿಧಾನ ಪಾತ್ರೆ ತೆಗೆದುಕೊಳ್ಳುವ ವಿದ್ಯುತ್ ಸುಮಾರು 200 ವಾಟ್, ಅಂದರೆ ಎಂಟು ಗಂಟೆಗೆ ಒಂದೂವರೆ ಯೂನಿಟ್‌ಗಿಂತ ತುಸು ಹೆಚ್ಚು. ಹೊಗೆಯಿಲ್ಲ, ಊದುವ ಕೊಳವೆಯಿಲ್ಲ, ಕಾವಲಿಲ್ಲ. ಆಲೂಗಡ್ಡೆಯ ಸೂಪಿಗೆ ಹೊಂದುವ ಈ ಪಾತ್ರೆ ಹೆಸರುಬೇಳೆಗೆ, ಜೋಳದ ನುಚ್ಚಿಗೆ, ಹಸಿಗಡಲೆಯ ಭಜ್ಜಿಗೂ ಹೊಂದುತ್ತದೆ. ವಿಲ್ನಾದ ಬೇಕರಿಯ ಒಲೆಯಿಂದ ಹುಟ್ಟಿದ ಉಪಾಯ ಮನ್ನಳ್ಳಿಯ ಗಡಿಗೆಗೆ ಪರಕೀಯವಾಗಬೇಕಾಗಿಲ್ಲ. ಎರಡೂ ಕಡೆ ಜನ ಹುಡುಕಿದ್ದು, ಅಡುಗೆ ತನ್ನಷ್ಟಕ್ಕೆ ಆಗುತ್ತಿರುವಾಗ ಮನುಷ್ಯರಿಗೆ ಸಿಗುವ ಬಿಡುವನ್ನು.

ಒಂದು ಮಾತು ಮಾತ್ರ ಪಾತ್ರೆಯಿಂದ ಸಾಧಿಸಲಾಗದ್ದು. ರಮ್‌ಫರ್ಡನ ಸೂಪು, ಹಲೀಮಿನ ಭಟ್ಟಿ, ಎಳ್ಳ ಅಮಾವಾಸ್ಯೆಯ ಭಜ್ಜಿ ಇವು ಯಾವುವೂ ಒಬ್ಬರಿಗಾಗಿ ಬೇಯುವ ಅಡುಗೆಗಳಲ್ಲ. ಹೊಲದಲ್ಲಿ ಆ ದಿನ ನೆಂಟರು, ನೆರೆಹೊರೆಯವರು, ಊರಿನ ಬೇರೆ ಬೇರೆ ಜಾತಿ-ಧರ್ಮದ ಗೆಳೆಯರು, ದಾರಿಹೋಕರು ಎಲ್ಲರಿಗೂ ಕರೆ ಇರುತ್ತದೆ. ಹತ್ತು ಕಾಳು ಹನ್ನೆರಡು ಸೊಪ್ಪು ಕರಗಿ ಒಂದಾಗಲು ತೆಗೆದುಕೊಂಡ ಹೊತ್ತು, ಉಣ್ಣುವವರ ಸಂಖ್ಯೆ ದೊಡ್ಡದಾದಷ್ಟೂ ಸಾರ್ಥಕವಾಗುತ್ತದೆ.